ಬಿಡಿಯ ಅರ್ಥ, ಇಡಿಯ ಎಲ್ಲೆ

‘ಹಸುವನ್ನು ತಾ’ ಎಂದು ಹಿರಿಯನೊಬ್ಬ ಕಿರಿಯನಿಗೆ ಹೇಳುತ್ತಾನೆ. ಕಿರಿಯ ಹೋಗಿ ಹಸುವನ್ನು ತರುತ್ತಾನೆ. ಮಾತು ಬಾರದ ಮಗುವೊಂದು ಪಕ್ಕದಲ್ಲಿ ನಿಂತು ಇದನ್ನು ನೋಡುತ್ತದೆ. ಮುಂದೆ ‘ಹಸುವನ್ನು ಕಟ್ಟು’, ‘ಕುದುರೆಯನ್ನು ತಾ’ ಎಂಬ ಮಾತುಗಳನ್ನು ಕೇಳಿ, ಅವುಗಳಿಂದ ಏನಾಯಿತೆಂದು ಕಂಡಮೇಲೆ, ಯಾವ ಪದಕ್ಕೆ ಯಾವ ಅರ್ಥ ಎಂಬುದನ್ನು ಬಿಡಿಸಿಕೊಳ್ಳುತ್ತದೆ. ಈ ಪುಟ್ಟ ದೃಶ್ಯವನ್ನು ಇಟ್ಟುಕೊಂಡು, ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ಮೀಮಾಂಸಕರು ಎರಡು ಪಂಗಡವಾದರು. ಪದಗಳು ಮೊದಲು ತಂತಮ್ಮ ಅರ್ಥವನ್ನು ಹೇಳಿ ಮುಗಿಸುತ್ತವೆ, ಆಮೇಲೆ ಆ ಅರ್ಥಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ ಎಂದರು ಕುಮಾರಿಲ ಭಟ್ಟರ ಕಡೆಯವರು, ಇದು ಅಭಿಹಿತಾನ್ವಯವಾದ. ಕೂಡಿಕೆಯಿಲ್ಲದ ಒಂಟಿ ಅರ್ಥವನ್ನು ಯಾವ ಪದವೂ ಎಂದೂ ಹೇಳುವುದಿಲ್ಲ, ಅದು ಹೇಳುವುದೇ ಮತ್ತೊಂದರೊಡನೆ ಕೂಡಿದ ಅರ್ಥವನ್ನು ಎಂದರು ಪ್ರಭಾಕರರ ಕಡೆಯವರು, ಇದು ಅನ್ವಿತಾಭಿಧಾನವಾದ. ಇವರಿಬ್ಬರಿಗೂ ಮೊದಲೇ ಭರ್ತೃಹರಿ ‘ವಾಕ್ಯಪದೀಯ’ದಲ್ಲಿ ಇನ್ನೂ ಮುಂದೆ ಹೋಗಿದ್ದ: ನಿಜವಾಗಿ ಇರುವುದು ಅಖಂಡವಾದ ವಾಕ್ಯವೊಂದೇ, ಪದಗಳು ನಾವು ಅನುಕೂಲಕ್ಕೆ ಮಾಡಿಕೊಂಡ ತುಂಡುಗಳು. ಅರ್ಥ ಇರುವುದು ಬಿಡಿಯಲ್ಲೋ ಇಡಿಯಲ್ಲೋ? ಪ್ರಶ್ನೆ ಹಳೆಯದು. ಆದರೆ ಕಂಪ್ಯೂಟರಿನ ಕಂಪೈಲರ್ ಮತ್ತು ಲಿಂಕರ್‌ಗಳ ನಡುವೆ ನಡೆಯುವ ಒಂದು ಕೆಲಸದಲ್ಲಿ ಅದು ಇಂದಿಗೂ ಜೀವಂತವಾಗಿದೆ, ಅಲ್ಲಿ ಸಿಗುವ ಉತ್ತರ ಮೂಲ ಪ್ರಶ್ನೆಗೂ ಬೆಳಕು ಚೆಲ್ಲುತ್ತದೆ ಎಂಬುದು ನನ್ನ ವಾದ.

ದೊಡ್ಡ ಪ್ರೋಗ್ರಾಂ ಒಂದೇ ಕಡತದಲ್ಲಿ ಇರುವುದಿಲ್ಲ. ನೂರಾರು ಕಡತಗಳಲ್ಲಿ ಒಂದೊಂದನ್ನೂ ಕಂಪೈಲರ್ ಪ್ರತ್ಯೇಕವಾಗಿ ಓದಿ, ಯಂತ್ರಭಾಷೆಗೆ ತಿರುಗಿಸಿ, ಆಬ್ಜೆಕ್ಟ್ ಕಡತವಾಗಿ ಇಡುತ್ತದೆ. ಒಂದು ಕಡತ ಕರೆಯುವ ಫಂಕ್ಷನ್ ಮತ್ತೊಂದರಲ್ಲಿದ್ದರೆ ಅದರ ಹೆಸರು ಮಾತ್ರ ಉಳಿದು, ವಿಳಾಸದ ಜಾಗ ಖಾಲಿ ಇರುತ್ತದೆ. ಬಿಡಿಸಿದಾಗ ಮತ್ತೊಂದು ಪದದ ಆಕಾಂಕ್ಷೆ ಉಳಿಯುವಂಥ, ಒಂದೇ ಪ್ರಯೋಜನಕ್ಕೆ ಸೇರಿದ ಪದಗಳ ಗುಂಪೇ ವಾಕ್ಯ ಎಂದು ಮೀಮಾಂಸೆಯ ಮೂಲಗ್ರಂಥವಾದ ಜೈಮಿನಿಯ ಸೂತ್ರ ಹೇಳುವ ಲಕ್ಷಣ ಇದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ! ಖಾಲಿ ಉಳಿದ ಹೆಸರೇ ಆ ಕಡತದ ಆಕಾಂಕ್ಷೆ. ಅದನ್ನು ತಣಿಸುವುದು ಲಿಂಕರ್. ಆದರೆ ಹಳೆಯ ಪದ್ಧತಿಯ ಲಿಂಕರ್ ಹೆಸರಿಗೆ ವಿಳಾಸ ಹೊಂದಿಸುತ್ತದೆಯೇ ಹೊರತು ಒಳಗಿನ ಅರ್ಥವನ್ನು ಮುಟ್ಟುವುದಿಲ್ಲ. ಬಿಡಿಗಳ ಅರ್ಥ ಮೊದಲೇ ಮುಗಿದಿದೆ, ಉಳಿದದ್ದು ಕೂಡಿಕೆ ಮಾತ್ರ. ಇದು ಭಟ್ಟರ ಮತ. ಲಿಂಕ್ ಮಾಡುವ ಹೊತ್ತಿನಲ್ಲಿ ಇಡೀ ಪ್ರೋಗ್ರಾಮನ್ನು ಒಟ್ಟಿಗೆ ನೋಡಿ ಚುರುಕುಗೊಳಿಸುವ ಲಿಂಕ್-ಟೈಮ್ ಆಪ್ಟಿಮೈಸೇಶನ್, ಚಿಕ್ಕದಾಗಿ ಎಲ್‌ಟಿಒ, ಪ್ರಭಾಕರರ ಕಡೆಗೆ ವಾಲುತ್ತದೆ. ಜಿಸಿಸಿ ಕಂಪೈಲರ್‌ಗೆ ಇದು ಬಂದದ್ದು 2010ರ 4.5ನೇ ಆವೃತ್ತಿಯಲ್ಲಿ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಮೊದಲ ಕಡತದಲ್ಲಿ ‘ಬೆಲೆ’ ಎಂಬ ಫಂಕ್ಷನ್ ಇದೆ. ಅದಕ್ಕೆ ಎರಡು ಮೌಲ್ಯಗಳನ್ನು ಕೊಡಬೇಕು: ಸಾಮಾನಿನ ತೂಕ, ರಿಯಾಯಿತಿಯ ದರ. ರಿಯಾಯಿತಿ ಸೊನ್ನೆಯಾದರೆ ಒಂದು ಗುಣಾಕಾರ. ಇಲ್ಲವಾದರೆ ಇಪ್ಪತ್ತು ಸಾಲಿನ ಲೆಕ್ಕ. ಎರಡನೆಯ ಕಡತ ‘ಬೆಲೆ’ಯನ್ನು ಮೂರು ಕಡೆ ಕರೆಯುತ್ತದೆ, ಮೂರು ಕಡೆಯೂ ರಿಯಾಯಿತಿ ಸೊನ್ನೆ. ಮೊದಲ ಕಡತವನ್ನು ಓದುವಾಗ ಕಂಪೈಲರ್‌ಗೆ ಈ ಸಂಗತಿ ಗೊತ್ತಿಲ್ಲ. ಯಾರು ಹೇಗೆ ಕರೆದಾರೋ ಎಂದು ಇಪ್ಪತ್ತೂ ಸಾಲನ್ನು ಉಳಿಸಿಕೊಳ್ಳುತ್ತದೆ. ಎರಡನ್ನೂ ಒಟ್ಟಿಗೆ ಕಂಡರೆ ರಿಯಾಯಿತಿಯ ಕವಲು ಬಿದ್ದುಹೋಗುತ್ತದೆ, ಉಳಿದ ಗುಣಾಕಾರ ಕರೆದ ಜಾಗದಲ್ಲೇ ಬೆರೆಯುತ್ತದೆ, ಕೊನೆಗೆ ‘ಬೆಲೆ’ ಎಂಬ ಫಂಕ್ಷನ್ನೇ ಇರುವುದಿಲ್ಲ. ಬಿಡಿ ಇಡಿಯಲ್ಲಿ ಕರಗಿತು. ಭರ್ತೃಹರಿ ಗೆದ್ದ ಎಂದು ಇಲ್ಲಿ ಯಾರಾದರೂ ಹೇಳಬಹುದು. ಅದು ಆತುರದ ಮಾತು. ಇಡಿಯನ್ನು ನೋಡಿದೆವು ಎಂದು ನಾವು ಹೇಳಿದ್ದು ಯಾವ ಆಧಾರದ ಮೇಲೆ? ಈ ಎರಡು ಕಡತಗಳ ಆಚೆ ‘ಬೆಲೆ’ಯನ್ನು ಕರೆಯುವವರು ಯಾರೂ ಇಲ್ಲ ಎಂದು ನಮಗೆ ಹೇಳಿದವರು ಯಾರು?

ಈ ಪ್ರಶ್ನೆಗೆ ಉತ್ತರ ಕೊಡುವುದೇ ಲಿಂಕರ್ ಪ್ಲಗಿನ್ ಎಂಬ ಏರ್ಪಾಡು. ‘ಎಫ್‌ಎಲ್‌ಟಿಒ’ ಎಂಬ ಆಯ್ಕೆಯನ್ನು ಕೊಟ್ಟರೆ ಕಂಪೈಲರ್ ಆಬ್ಜೆಕ್ಟ್ ಕಡತದಲ್ಲಿ ಯಂತ್ರಭಾಷೆಯ ಬದಲು ತನ್ನ ನಡುಭಾಷೆಯನ್ನೇ ಬರೆದಿಡುತ್ತದೆ; ಅಂದರೆ ಬಿಡಿ ತನ್ನ ಕೊನೆಯ ಮಾತನ್ನು ಇನ್ನೂ ಆಡಿಲ್ಲ. ಲಿಂಕರ್‌ಗೆ ಈ ನಡುಭಾಷೆ ತಿಳಿಯದು. ಅದು ಪ್ರತಿ ಕಡತವನ್ನೂ ಪ್ಲಗಿನ್‌ನ ಮುಂದೆ ಹಿಡಿದು ‘ಇದು ನಿನ್ನದೇ?’ ಎಂದು ಕೇಳುತ್ತದೆ. ತನ್ನದಾದರೆ ಪ್ಲಗಿನ್ ಅದನ್ನು ವಹಿಸಿಕೊಂಡು, ಒಳಗಿರುವ ಹೆಸರುಗಳ ಪಟ್ಟಿಯನ್ನು ಲಿಂಕರ್‌ಗೆ ಒಪ್ಪಿಸುತ್ತದೆ. ಎಲ್ಲ ಹೆಸರುಗಳೂ ಬಂದಮೇಲೆ ಲಿಂಕರ್ ಒಂದೊಂದರ ಬಗ್ಗೆಯೂ ತೀರ್ಪು ಹೇಳುತ್ತದೆ: ಈ ಹೆಸರಿಗೆ ನಿಲ್ಲುವುದು ನಿನ್ನ ಅರ್ಥವೇ, ಇದನ್ನು ಕರೆಯುವವರು ನಿನ್ನ ಕಡತಗಳಲ್ಲಿ ಮಾತ್ರ ಇದ್ದಾರೆ, ಅದನ್ನು ಹೊರಗಿನವರೂ ಕರೆಯುತ್ತಾರೆ, ಮತ್ತೊಂದರ ಜಾಗವನ್ನು ಬೇರೆ ಕಡತ ಆಗಲೇ ಹಿಡಿದಿದೆ. ಈ ತೀರ್ಪನ್ನು ಕೈಯಲ್ಲಿ ಹಿಡಿದು ಪ್ಲಗಿನ್ ಮತ್ತೆ ಕಂಪೈಲರನ್ನು ಕರೆದು ನಿಜವಾದ ಯಂತ್ರಭಾಷೆ ಬರೆಸುತ್ತದೆ. ಪ್ಲಗಿನ್ ಇಲ್ಲದ ಕಡೆ ‘ಇದೇ ಇಡೀ ಪ್ರೋಗ್ರಾಂ, ಇದರಾಚೆ ಏನೂ ಇಲ್ಲ’ ಎಂದು ಬರೆದವನೇ ಆಣೆ ಮಾಡಬೇಕಾಗುತ್ತದೆ. ಆಣೆ ಸುಳ್ಳಾದರೆ ಪ್ರೋಗ್ರಾಂ ಕೆಡುತ್ತದೆ. ಇಂಥ ಆಬ್ಜೆಕ್ಟ್ ಕಡತಗಳನ್ನು ಕಟ್ಟಾಗಿಸಿ ಲೈಬ್ರರಿ ಮಾಡುವ ಎಆರ್ ಎಂಬ ಸಲಕರಣೆಗೂ ಪ್ಲಗಿನ್‌ನ ನೆರವು ಬೇಕು, ಅದಕ್ಕೇ ಜಿಸಿಸಿ-ಎಆರ್ ಇರುವುದು. ನೆರವಿಲ್ಲದ ಎಆರ್ ಕಟ್ಟಿದ ಲೈಬ್ರರಿಯ ಹೆಸರುಪಟ್ಟಿ ಖಾಲಿಯಾಗಿರುತ್ತದೆ. ಅರ್ಥ ಒಳಗೇ ಇದ್ದರೂ ಲಿಂಕರ್ ‘ಅಂಥ ಹೆಸರೇ ಇಲ್ಲ’ ಎನ್ನುತ್ತದೆ.

ಹಾಗಾದರೆ ಮೀಮಾಂಸಕರ ಜಗಳಕ್ಕೆ ಇಲ್ಲಿ ಸಿಗುವುದೇನು? ಭಟ್ಟರ ಕಡೆಯವರು ಪ್ರಭಾಕರರ ಮತದ ಮೇಲೆ ಒಂದು ಆಕ್ಷೇಪ ಎತ್ತಿದ್ದರು: ಪದ ಕೂಡಿದ ಅರ್ಥವನ್ನೇ ಹೇಳುವುದಾದರೆ, ಕೂಡಿಕೆಗಳು ಅನಂತವಾದ್ದರಿಂದ ಒಂದೊಂದು ಪದಕ್ಕೂ ಅನಂತ ಶಕ್ತಿಗಳನ್ನು ಒಪ್ಪಬೇಕಾಗುತ್ತದೆ. ಪದವು ‘ತಕ್ಕದ್ದೊಂದರೊಡನೆ ಕೂಡಿದ್ದು’ ಎಂದಷ್ಟೇ ಸಾಮಾನ್ಯವಾಗಿ ಹೇಳುತ್ತದೆ, ಆ ತಕ್ಕದ್ದು ಯಾವುದೆಂದು ನೆರೆಯ ಪದ ತಿಳಿಸುತ್ತದೆ ಎಂದು ಪ್ರಭಾಕರರ ಕಡೆಯ ಸಮಾಧಾನ. ನಡುಭಾಷೆಯ ಕಡತ ಇದೇ ಸ್ಥಿತಿಯಲ್ಲಿದೆ. ಅದು ಅರ್ಥಹೀನವಲ್ಲ, ಪೂರ್ಣಾರ್ಥವೂ ಅಲ್ಲ. ಕೂಡಿಕೆಗೆ ಬಾಗಿಲು ತೆರೆದಿಟ್ಟ ಅರ್ಥ. ಆದರೆ ಎರಡೂ ಪಕ್ಷಗಳು ವಾಕ್ಯದ ಎಲ್ಲೆ ಗೊತ್ತಿದೆ ಎಂದು ಹಿಡಿದುಕೊಂಡೇ ವಾದ ಹೂಡಿದ್ದವು. ಎಲ್‌ಟಿಒ ತೋರಿಸುವುದು ಆ ಎಲ್ಲೆಯನ್ನೇ ಮೊದಲು ಗೊತ್ತುಮಾಡಬೇಕು ಎಂಬುದನ್ನು. ಇಡಿ ಎನ್ನುವುದು ಎಲ್ಲ ಬಿಡಿಗಳನ್ನು ರಾಶಿ ಹಾಕಿದ ಮಾತ್ರಕ್ಕೆ ಆಗುವುದಿಲ್ಲ. ರಾಶಿಯ ಹೊರಗಿನವರಿಗೆ ಒಳಗಿನ ಯಾವುದರ ಮೇಲೆ ಹಕ್ಕಿದೆ ಎಂದು ತಿಳಿದಾಗ ಮಾತ್ರ ಅದು ಇಡಿ. ಅದೇ ‘ಬೆಲೆ’ಯನ್ನು ಹಂಚಿಕೆಯ ಲೈಬ್ರರಿಯೊಂದರಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದರೆ ಅದರ ಇಪ್ಪತ್ತು ಸಾಲೂ ಉಳಿಯಲೇಬೇಕು. ಮುಂದೆ ಎಂದಾದರೂ ಯಾರಾದರೂ ರಿಯಾಯಿತಿ ಕೇಳಬಹುದು.

ಧರ್ಮಗ್ರಂಥಗಳ ಓದಿಗೆ ಇದು ನೇರವಾಗಿ ತಾಗುತ್ತದೆ. ವೇದದ ಪ್ರಯೋಜನ ವಿಧಿ ಎಂದಾದರೆ, ಏನನ್ನೂ ವಿಧಿಸದ ವಾಕ್ಯಗಳು ವ್ಯರ್ಥವಲ್ಲವೇ ಎಂಬ ಪೂರ್ವಪಕ್ಷ ಜೈಮಿನಿಯಲ್ಲೇ ಇದೆ. ವಾಯು ಬಹು ವೇಗದ ದೇವತೆ ಎಂಬ ಮಾತಿನಿಂದ ಯಾರೇನು ಮಾಡಬೇಕು? ಯಾರೂ ಕರೆಯದ ಫಂಕ್ಷನ್‌ನಂತೆ ಅದು ಬಿದ್ದಿದೆ. ಎಲ್‌ಟಿಒ ಆಗಿದ್ದರೆ ಅಳಿಸಿಬಿಡುತ್ತಿತ್ತು. ಮೀಮಾಂಸಕರು ಅಳಿಸಲಿಲ್ಲ. ಸಂಪತ್ತು ಬಯಸುವವನು ವಾಯುವಿಗೆ ಯಜ್ಞ ಮಾಡಲಿ ಎಂಬ ವಿಧಿಯೊಡನೆ ಅದಕ್ಕೆ ಏಕವಾಕ್ಯತೆ ತೋರಿಸಿ, ಇದು ವಿಧಿಯನ್ನು ಹೊಗಳುವ ಅರ್ಥವಾದ ಎಂದರು. ಎರಡು ಕಡೆಯೂ ಕೇಳುವುದು ಒಂದೇ ಪ್ರಶ್ನೆ, ‘ಇದನ್ನು ಕರೆಯುವವರು ಯಾರು?’ ಎಂದು. ಉತ್ತರ ಕಾಣದಾಗ ಒಬ್ಬರು ಅಳಿಸುತ್ತಾರೆ, ಇನ್ನೊಬ್ಬರು ಮತ್ತೆ ಹುಡುಕುತ್ತಾರೆ. ಲಿಂಕರ್‌ನಿಂದ ಎಲ್ಲೆಯ ತೀರ್ಪು ಪಡೆದ ಯಂತ್ರಕ್ಕೆ ಅಳಿಸುವ ಹಕ್ಕಿದೆ. ಗ್ರಂಥದ ಓದುಗನಿಗೆ ಅಂಥ ತೀರ್ಪು ಕೊಟ್ಟವರು ಯಾರೂ ಇಲ್ಲ.

ಇಲ್ಲಿ ಮೊದಲ ಆಕ್ಷೇಪ: ಚುರುಕುಗೊಳಿಸುವುದು ಅರ್ಥವನ್ನು ಬದಲಿಸುವುದಿಲ್ಲ, ಹೊರಗೆ ಕಾಣುವ ನಡವಳಿಕೆಯನ್ನು ಹಾಗೆಯೇ ಉಳಿಸುತ್ತದೆ, ವೇಗದ ವಿಷಯಕ್ಕೆ ಅರ್ಥದ ತತ್ತ್ವವನ್ನು ಏಕೆ ಎಳೆತರಬೇಕು? ಆದರೆ ಎಲ್‌ಟಿಒ ಹಾಕಿದೊಡನೆ ಕೆಟ್ಟುಹೋಗುವ ಪ್ರೋಗ್ರಾಂಗಳೂ ಇವೆ. ಒಂದು ಕಡತ ಒಂದು ಹೆಸರನ್ನು ಪೂರ್ಣಾಂಕ ಎಂದಿರುತ್ತದೆ, ಮತ್ತೊಂದು ಅದೇ ಹೆಸರನ್ನು ದಶಮಾಂಶ ಸಂಖ್ಯೆ ಎಂದಿರುತ್ತದೆ. ಹೆಸರನ್ನಷ್ಟೇ ಹೋಲಿಸುವ ಲಿಂಕರ್‌ಗೆ ವಿರೋಧ ಕಾಣುವುದಿಲ್ಲ. ಒಟ್ಟಿಗೆ ಓದಿದ ದಿನ ಅದು ಬಯಲಾಗುತ್ತದೆ. ಜಿಸಿಸಿ ಇಂಥವನ್ನು ಕಂಡರೆ ಎಚ್ಚರಿಕೆಯನ್ನೂ ಕೊಡುತ್ತದೆ. ದೂರು ಎಲ್‌ಟಿಒ ಮೇಲೆ ಬಂದರೂ ತಪ್ಪು ಮೊದಲಿನಿಂದ ಇದ್ದದ್ದೇ. ಒಂದಕ್ಕೊಂದು ಹೊಂದುವ ಯೋಗ್ಯತೆಯಿಲ್ಲದ ಪದಗಳನ್ನು, ಅಕ್ಕಪಕ್ಕದಲ್ಲಿವೆ ಎಂಬ ಸನ್ನಿಧಿ ಮಾತ್ರದಿಂದ ವಾಕ್ಯ ಎಂದುಕೊಂಡಿದ್ದೆವು. ಇಡಿಯ ನೋಟ ಅರ್ಥವನ್ನು ಹುಟ್ಟಿಸಲಿಲ್ಲ, ಕೆಡಿಸಲೂ ಇಲ್ಲ. ಇಲ್ಲದ ಅರ್ಥವನ್ನು ಇದೆ ಎಂದುಕೊಂಡಿದ್ದ ನಮ್ಮ ಭ್ರಮೆಯನ್ನು ಕಳೆಯಿತು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಪ್ರೋಗ್ರಾಂ ಮನುಷ್ಯ ಬರೆದದ್ದು, ಎಲ್ಲೆಯುಳ್ಳದ್ದು, ವೇದವಾಕ್ಯವೋ ಮನುಷ್ಯರ ಆಡುಮಾತೋ ಹಾಗಲ್ಲ. ಅವುಗಳ ಇಡಿಯನ್ನು ಯಾರೂ ನೋಡಲಾರರಾದ್ದರಿಂದ ಹೋಲಿಕೆ ನಿಲ್ಲದು ಎನ್ನಬಹುದು. ಹೋಲಿಕೆಗೆ ಮಿತಿಯಿದೆ, ಒಪ್ಪಿದೆ. ಆದರೆ ದೊಡ್ಡ ಪ್ರೋಗ್ರಾಮಿನ ಇಡಿಯನ್ನು ಯಂತ್ರವೂ ಎಷ್ಟೋ ವೇಳೆ ಇಡಿಯಾಗಿ ನೋಡುವುದಿಲ್ಲ. ನೆನಪಿನ ಜಾಗ ಸಾಲದು. ಎಲ್‌ಎಲ್‌ವಿಎಂ ಎಂಬ ಮತ್ತೊಂದು ಕಂಪೈಲರ್‌ನ ಬಳಗ 2016ರಲ್ಲಿ ತಂದ ಥಿನ್‌ಎಲ್‌ಟಿಒ ಪ್ರತಿ ಕಡತದಿಂದಲೂ ಒಂದು ಸಾರಾಂಶವನ್ನು ಮಾತ್ರ ಪಡೆದು, ಆ ಸಾರಾಂಶಗಳನ್ನು ಜೋಡಿಸಿ ನೋಡಿ, ಯಾವ ಕಡತಕ್ಕೆ ಯಾವ ನೆರೆಯ ಫಂಕ್ಷನ್ ಬೇಕೆಂದು ಗೊತ್ತುಮಾಡುತ್ತದೆ; ಆಮೇಲೆ ಕಡತಗಳು ಮತ್ತೆ ಬೇರೆಬೇರೆಯಾಗಿಯೇ ಯಂತ್ರಭಾಷೆಯಾಗುತ್ತವೆ. ಮನುಷ್ಯನಿಗೆ ಇಡಿಯ ಅರಿವು ದಕ್ಕುವುದೂ ಬಹುಪಾಲು ಹೀಗೆ, ಸಾರಾಂಶಗಳ ಮೂಲಕ. ಸಾರಾಂಶದಿಂದ ಕೂಡಿಕೆಯನ್ನು ಊಹಿಸುವುದು ತಪ್ಪಲ್ಲ. ಸಾರಾಂಶವನ್ನೇ ಇಡಿ ಎಂದುಕೊಂಡು, ಅದರಲ್ಲಿ ಕಾಣದ್ದನ್ನು ಇಲ್ಲವೆನ್ನುವುದು ತಪ್ಪು.

ಆದ್ದರಿಂದ ಗ್ರಂಥದ ಒಂದು ಸಾಲನ್ನು ಕಿತ್ತು ತಂದು ಅದಕ್ಕೆ ಕೊನೆಯ ಅರ್ಥ ಕಟ್ಟುವವನು ಎಷ್ಟು ತಪ್ಪುತ್ತಾನೋ, ‘ಇಡಿಯ ಸಾರ ನನಗೆ ಗೊತ್ತು, ಈ ಸಾಲು ಬೇಡ’ ಎನ್ನುವವನೂ ಅಷ್ಟೇ ತಪ್ಪುತ್ತಾನೆ. ಮೊದಲನೆಯವನು ಆಕಾಂಕ್ಷೆಯನ್ನು ಮರೆತ, ಎರಡನೆಯವನು ಎಲ್ಲೆಯನ್ನು. ಯಂತ್ರವನ್ನು ಕಟ್ಟಿದವರಿಗೂ ಈ ಎರಡನೆಯ ಅಪಾಯ ಗೊತ್ತಿತ್ತು. ಕಡತದೊಳಗೇ ಅಸೆಂಬ್ಲಿಯಲ್ಲಿ ಬರೆದ ತುಣುಕೊಂದು ಒಂದು ಹೆಸರನ್ನು ಕರೆದರೆ ಆ ಕರೆ ಕಂಪೈಲರ್‌ಗೆ ಕಾಣದು. ಅದು ಆ ಹೆಸರಿನ ಫಂಕ್ಷನ್ ಅನ್ನು ಅನಾಥವೆಂದು ಅಳಿಸಬಹುದು. ಅದಕ್ಕಾಗಿ ಬರೆಯುವವನು ಆ ಫಂಕ್ಷನ್‌ನ ತಲೆಯ ಮೇಲೆ ‘ಯೂಸ್ಡ್’ ಎಂಬ ಗುರುತು ಹಾಕುತ್ತಾನೆ. ಇದನ್ನು ಕರೆಯುವವರು ನಿನಗೆ ಕಾಣುವುದಿಲ್ಲ, ಆದರೂ ಇದ್ದಾರೆ ಎಂದು ಅದರರ್ಥ. ಎಲ್ಲವನ್ನೂ ಒಟ್ಟಿಗೆ ನೋಡಲೆಂದೇ ಹುಟ್ಟಿದ ವ್ಯವಸ್ಥೆಯಲ್ಲೂ ಈ ಒಂದು ಮಾತಿಗೆ ಜಾಗ ಬಿಡಬೇಕಾಯಿತು.