ಕರಭಾರ ಮತ್ತು ಅಸ್ತೇಯ: ನಗರದ ದಂಗೆಯ ಪಾಠ

ತೆರಿಗೆಯನ್ನು ಮರೆಮಾಚುವುದು ಕಳ್ಳತನವೆಂಬುದನ್ನು ಶ್ರಾವಕರಾದ ನಾವೆಲ್ಲರೂ ಬಲ್ಲೆವು. ಉಮಾಸ್ವಾಮಿಗಳು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ, ಖೊಟ್ಟಿ ತೂಕ ಅಳತೆಗಳ ಜೊತೆಯಲ್ಲಿಯೇ, ವಿರುದ್ಧರಾಜ್ಯಾತಿಕ್ರಮವನ್ನೂ ಎಣಿಸಿರುವರು. ಆದರೆ ಇದರ ಮಗ್ಗುಲಲ್ಲಿಯೇ ಮತ್ತೊಂದು ಪ್ರಶ್ನೆಯಿದೆ. ಕೊಡಲಾರದವನಿಂದ ಬಲವಂತವಾಗಿ ಕಿತ್ತುಕೊಂಡ ಕರವೂ ಅದತ್ತಾದಾನವೇ ಅಲ್ಲವೇ? ಹೌದಾದರೆ ಆ ಪಾಪದ ಹೊರೆ ಯಾರದು?

1765ರ ಸ್ಟಾಂಪ್ ಕಾಯಿದೆ ಹಾಗೂ 1773ರ ಚಹಾ ಕಾಯಿದೆಗಳಿಂದ ಅಮೆರಿಕದ ವಸಾಹತುಗಾರರು ಬ್ರಿಟಿಷರ ವಿರುದ್ಧ ಸಿಡಿದೆದ್ದ ಕಥೆಯನ್ನು ನಮ್ಮ ಮಕ್ಕಳು ಪಾಠವಾಗಿ ಓದುತ್ತಾರೆ. ಗೋವಿನಕೋವಿಯ ಆಸುಪಾಸಿನ ಹೊನ್ನಾಳಿ, ಬಸವಾಪಟ್ಟಣಗಳ ರೈತರು 1830–31ರಲ್ಲಿ ಕರಭಾರಕ್ಕಾಗಿಯೇ ದಂಗೆಯೆದ್ದ ಸಂಗತಿ ಮಾತ್ರ ಹಿರಿಯರಿಗೂ ಮರೆತಂತಿದೆ.

ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಈ ಸೀಮೆಗೆ ‘ಶಿಸ್ತು’ ಎಂಬ ಕಂದಾಯವನ್ನು ಗೊತ್ತುಪಡಿಸಿದನು. ಒಂದೊಂದು ಬಗೆಯ ಭೂಮಿಯನ್ನು ಹನ್ನೆರಡು ವರ್ಷಗಳ ಕಾಲ ಸಾಗುವಳಿ ಮಾಡಿಸಿ, ಬೆಳೆಯನ್ನು ಅಳೆದು ನೋಡಿ, ಅನಂತರ ದರ ಕಟ್ಟಿದನೆಂದು ಪ್ರತೀತಿ. ಹೊಲ ಕೊಡುವುದೆಷ್ಟು ಎಂದು ಮೊದಲು ಕೇಳಿ, ಬಳಿಕ ಬೇಡಿದ ಕ್ರಮವದು.

ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಬಂದ ‘ಶರತ್ತು’ ಪದ್ಧತಿಯಾದರೋ ಇದಕ್ಕೆ ತಿರುವುಮುರುವಾದುದು. ಅಮಲ್ದಾರನು ಇಂತಿಷ್ಟು ಹಣ ವಸೂಲು ಮಾಡಿಕೊಡುವೆನೆಂದು ಕರಾರು ಬರೆದುಕೊಡಬೇಕು. ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು, ಹೆಚ್ಚು ಬಂದರೆ ಸರ್ಕಾರಕ್ಕೆ ಸಲ್ಲಿಸಬೇಕು. ಮಳೆ ಬಾರದಿದ್ದರೂ ಕರಾರು ಬದಲಾಗದು. ಮೊತ್ತವೇ ಮೊದಲು ನಿಶ್ಚಯವಾದ ಮೇಲೆ ರೈತನ ಕಣಜವನ್ನು ನೋಡುವವರು ಯಾರು? ಇದರ ಮೇಲೆ ನೂರಾರು ಚಿಲ್ಲರೆ ಕರಗಳು ಬೇರೆ. ಮದುವೆಗೆ, ಮಗು ಹುಟ್ಟಿದುದಕ್ಕೆ, ಹೆಸರಿಟ್ಟುದಕ್ಕೆ, ತಲೆ ಬೋಳಿಸಿದುದಕ್ಕೆ ಕರ. ಪಾಳೆಯಗಾರನೊಬ್ಬನ ತಪ್ಪಿಸಿಕೊಂಡ ಕುದುರೆಯನ್ನು ಪೂರ್ವಿಕರು ಹುಡುಕಿಕೊಡಲಿಲ್ಲವೆಂದು ಒಂದು ಹಳ್ಳಿಯವರು ತೆರುತ್ತಿದ್ದ ಕರವೂ ಇದ್ದಿತು! ಇಂಥ 769 ಬಾಬುಗಳನ್ನು ಮುಂದೆ ಕಮಿಷನರರ ಆಡಳಿತವು ರದ್ದುಪಡಿಸಿತೆಂದರೆ ಹೊರೆಯ ಅಂದಾಜಾದೀತು.

ರೈತರು ಮೊದಲು ‘ಕೂಟ’ ಕಟ್ಟಿದರು, ಅಹವಾಲು ಹೇಳಿಕೊಂಡರು, ಕಂದಾಯ ಕೊಡದೆ ನಿಂತರು. ದಂಡು ಬಂದ ಮೇಲೆ ಕೂಟವು ಕಾಳಗವಾಯಿತು. ನಗರದ ಗದ್ದುಗೆ ತನ್ನದೆಂದು ಬೂದಿ ಬಸವಪ್ಪನು ಎದ್ದುನಿಂತನು; ತರೀಕೆರೆಯ ಪಾಳೆಯಗಾರರೂ ಸೇರಿದರು. 1831ರ ಮಾರ್ಚಿಯಲ್ಲಿ ಹೊನ್ನಾಳಿಯ ಕೋಟೆಯ ಸುತ್ತ ರಕ್ತ ಹರಿಯಿತು. ಜೂನ್ ತಿಂಗಳಲ್ಲಿ ನಗರವು ಬ್ರಿಟಿಷ್ ಸೈನ್ಯದ ವಶವಾಯಿತು.

ಈಗ ಪಾಪದ ಲೆಕ್ಕಕ್ಕೆ ಬರೋಣ. ಕೃತ, ಕಾರಿತ, ಅನುಮತವೆಂದು ನಮ್ಮ ಆಚಾರ್ಯರು ಕರ್ಮದ ಹೊಣೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ರೈತನನ್ನು ಹಿಂಡಿದವನು ಅಮಲ್ದಾರ, ಅದು ಕೃತ. ಅವನಿಂದ ಕರಾರು ಬರೆಸಿಕೊಂಡುದು ದರ್ಬಾರು, ಅದು ಕಾರಿತ. 1799ರ ಒಪ್ಪಂದದಂತೆ ವರ್ಷಕ್ಕೆ ಏಳು ಲಕ್ಷ ವರಹದ ಪೊಗದಿಯನ್ನು ಎಣಿಸಿಕೊಳ್ಳುತ್ತ, ಅದು ಬಂದ ದಾರಿಯನ್ನು ವಿಚಾರಿಸದಿದ್ದುದು ಕಂಪನಿ ಸರ್ಕಾರ, ಅದು ಅನುಮತ. ಶರತ್ತಿನ ವಿಶೇಷವೇ ಇದು: ಪ್ರತಿಯೊಬ್ಬನೂ ‘ನಾನು ಕರಾರಿನಂತೆ ನಡೆದೆ’ ಎನ್ನಬಹುದು. ಆದರೆ ಕರಾರಿನಿಂದ ಹಣ ಕೈಬದಲಾಗುತ್ತದೆಯೇ ಹೊರತು ಪಾಪ ಕೈಬದಲಾಗುವುದಿಲ್ಲ.

ಹಾಗೆಂದು ರಕ್ತಪಾತವನ್ನು ಒಪ್ಪಬಹುದೇ? ಒಪ್ಪಲಾಗದು. ಧರ್ಮಾರ್ಥಕಾಮಗಳೆಂಬ ಫಲ ಕೊಡುವ ರಾಜ್ಯಕ್ಕೆ ನಮಿಸಿಯೇ ಸೋಮದೇವಸೂರಿಗಳು ‘ನೀತಿವಾಕ್ಯಾಮೃತ’ವನ್ನು ಆರಂಭಿಸಿದರು, ರಾಜ್ಯ ಕೆಟ್ಟರೆ ದುರ್ಬಲನೇ ಮೊದಲು ನರಳುತ್ತಾನೆ. ಕೂಟದಲ್ಲಿ ಕುಳಿತು ‘ಕೊಡಲಾರೆವು’ ಎಂದುದು ಸತ್ಯವಚನ. ಆಯುಧ ಹಿಡಿದುದರ ಫಲವಾದರೋ ಬೇರೆಯಾಯಿತು. ಅಮೆರಿಕದವರು ದಂಗೆಯೆದ್ದು ಬ್ರಿಟಿಷರಿಂದ ಬಿಡುಗಡೆ ಪಡೆದರು. ನಮ್ಮಲ್ಲಿ ದಂಗೆಯೇ ನೆಪವಾಗಿ 1831ರ ಅಕ್ಟೋಬರಿನಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು. ಅರಮನೆಗೆ ಅದು ಮರಳಿದುದು 1881ರಲ್ಲಿ. ಆದರೂ ಸಹನೆಯ ಉಪದೇಶ ಮೊದಲು ಸಲ್ಲಬೇಕಾದುದು ಬೇಡುವವನಿಗೆ, ಅನಂತರ ತೆರುವವನಿಗೆ.

ನಮ್ಮ ಬಸದಿಗಳ ಟ್ರಸ್ಟಿನವರೂ ಇದನ್ನು ಯೋಚಿಸುವುದು ಒಳಿತು. ಜೀರ್ಣೋದ್ಧಾರಕ್ಕೆ, ಪಂಚಕಲ್ಯಾಣಕ್ಕೆ ಮೊತ್ತವನ್ನು ಮೊದಲೇ ನಿಶ್ಚಯಿಸಿ ಮನೆಗಿಷ್ಟು ವಂತಿಗೆಯೆಂದು ಹಂಚಿದಾಗ, ಸಭೆಯಲ್ಲಿ ಮಾನಕ್ಕಂಜಿ ತಲೆಯಾಡಿಸಿ ಮನೆಗೆ ಹೋಗಿ ಸಾಲ ಮಾಡುವ ಗೃಹಸ್ಥರು ಇಲ್ಲದಿಲ್ಲ. ಅದು ದಾನವಲ್ಲ. ಹೊಲವನ್ನು ಮೊದಲು ಅಳೆಯೋಣ. ದರವನ್ನು ಆಮೇಲೆ ಕಟ್ಟೋಣ.