ಪಾರುಪತ್ತೇಗಾರ: ದೇವರ ಮನೆಯ ಯಜಮಾನಿಕೆ ಯಾರದು?

ಪಾರುಪತ್ತೇಗಾರ ಎಂದರೆ ಪಾರುಪತ್ಯ ನಡೆಸುವವನು, ಒಂದು ಸಂಸ್ಥೆಯ ಮೇಲ್ವಿಚಾರಣೆ ಹೊತ್ತವನು. ಹಳೆಯ ಮೈಸೂರು ಸೀಮೆಯಲ್ಲಿ ಈ ಹೆಸರಿನವರು ಎರಡು ಕಡೆ ಇದ್ದರು. ಒಬ್ಬ ಹೋಬಳಿಯ ಕಂದಾಯ ನೋಡಿಕೊಳ್ಳುವ ಅಧಿಕಾರಿ. ನೆರೆಯ ಕೊಡಗಿನಲ್ಲಿ ನಾಡಿಗೊಬ್ಬ ಪಾರುಪತ್ತೇಗಾರನಿರುವ ಪದ್ಧತಿ ಬ್ರಿಟಿಷರ ಕಾಲದಲ್ಲೂ ಮುಂದುವರಿಯಿತು. ಇನ್ನೊಬ್ಬ ದೇವಸ್ಥಾನದ ಅಥವಾ ಮಠದ ಆಡಳಿತಗಾರ. ಮೇಲುಕೋಟೆಯ ಚೆಲುವನಾರಾಯಣಸ್ವಾಮಿ ದೇವಸ್ಥಾನದಲ್ಲಿ ಈ ಹುದ್ದೆಯ ಹೆಸರು ಈಗಲೂ ಬಳಕೆಯಲ್ಲಿದೆ. ಆಡುಮಾತಿನಲ್ಲಿ ಮಾತ್ರ ‘ಪಾರುಪತ್ಯ ನಡೆಸುವುದು’ ಎಂದರೆ ತನ್ನದಲ್ಲದ ಕಡೆ ದರ್ಬಾರು ಮಾಡುವುದು ಎಂಬ ಕೊಂಕೂ ಸೇರಿಕೊಂಡಿದೆ. ಕೊಂಕಿಗೆ ಕಾರಣವಿಲ್ಲದೆ ಇಲ್ಲ. ದೇವರ ಹೆಸರಿನ ಆಸ್ತಿಯನ್ನು ನೋಡಿಕೊಳ್ಳುವವನು ಅದರ ಒಡೆಯನೋ ಊಳಿಗದವನೋ ಎಂಬ ಪ್ರಶ್ನೆ ಕನ್ನಡ ನಾಡಿನಲ್ಲಿ ಬಹಳ ಹಳೆಯದು.

ಹೊಯ್ಸಳರ ಕಾಲದ ಶಾಸನಗಳಲ್ಲಿ ಈ ಸ್ಥಾನದವರಿಗೆ ಬೇರೆ ಹೆಸರುಗಳಿವೆ: ಸ್ಥಾನಪತಿ, ಸ್ಥಾನಾಚಾರ್ಯ, ಸ್ಥಾನಿಕ. ಊರಿಗೆ ಗಾವುಂಡ, ಅಗ್ರಹಾರಕ್ಕೆ ಮಹಾಜನರು, ಪೇಟೆಗೆ ಪಟ್ಟಣಸ್ವಾಮಿ ಇದ್ದಂತೆ ದೇಗುಲಕ್ಕೆ ಇವರು. ದಾನ ಕೊಡುವ ಕ್ರಮವನ್ನು ನೋಡಿದರೆ ಇವರ ಅಧಿಕಾರದ ಸ್ವರೂಪ ತಿಳಿಯುತ್ತದೆ. ದಾನಿ ಆಚಾರ್ಯರ ಕಾಲು ತೊಳೆದು ಧಾರಾಪೂರ್ವಕವಾಗಿ ಭೂಮಿ ಕೊಡುತ್ತಾನೆ. ನೀರು ಬೀಳುವುದು ಆಚಾರ್ಯರ ಕೈಗೆ. ದಾನ ಸಲ್ಲುವುದು ದೇವರ ಪೂಜೆ-ಅಲಂಕಾರ, ಹಾಡು-ಕುಣಿತಗಳೆಂಬ ಅಂಗಭೋಗ ರಂಗಭೋಗಗಳಿಗೆ, ಜೀರ್ಣೋದ್ಧಾರಕ್ಕೆ, ತಪೋಧನರ ಆಹಾರಕ್ಕೆ. ಬಳ್ಳಿಗಾವಿಯ ಕೇದಾರೇಶ್ವರ ದೇಗುಲದ ಕಾಳಾಮುಖ ಶೈವ ಆಚಾರ್ಯರು ಪಡೆದ ದಾನಗಳು ಈ ಬಗೆಯವು. ರಾಜಗುರುವೆಂದು ಮನ್ನಣೆ ಪಡೆದವರೂ ಅಲ್ಲಿ ಇದ್ದರು. ಆದರೂ ದಾನದ ಉದ್ದೇಶವನ್ನು ಶಾಸನ ಒಂದೊಂದಾಗಿ ಹೇಳಿ ಅವರ ಕೈಯನ್ನು ಕಟ್ಟಿಹಾಕುತ್ತದೆ. ಕೈ ಮನುಷ್ಯನದು, ಸ್ವತ್ತು ದೇವರದು. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣನ ತ್ರಿಕೂಟ ದೇಗುಲವೂ ಇದೆ, ಪಾರ್ಶ್ವನಾಥ ಬಸದಿಯೂ ಇದೆ. ಜೈನರಾಗಲಿ ವೈಷ್ಣವರಾಗಲಿ, ದಾನಶಾಸನಗಳ ಈ ಚೌಕಟ್ಟು ಹೆಚ್ಚುಕಡಿಮೆ ಒಂದೇ.

ಪಕ್ಕದ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಇದಕ್ಕೊಂದು ತತ್ತ್ವದ ಆಧಾರ ದೊರೆಯಿತು. ದೇಗುಲದ ಕೈಂಕರ್ಯಗಳನ್ನು ಹಂಚಿ ಐವತ್ತಿಬ್ಬರನ್ನು ನೇಮಿಸಿದವರು ರಾಮಾನುಜಾಚಾರ್ಯರು ಎಂಬುದು ಅಲ್ಲಿನ ಪರಂಪರೆ. ಸ್ಥಾನಿಕ ಮನೆತನಗಳ ಮರ್ಯಾದೆಗಳೂ ಈ ಏರ್ಪಾಟಿನ ಜೊತೆ ಬೆಳೆದವು. ರಾಮಾನುಜರ ದರ್ಶನದಲ್ಲಿ ಭಗವಂತ ಶೇಷಿ, ಉಳಿದುದೆಲ್ಲ ಶೇಷ. ಇನ್ನೊಂದರ ಅತಿಶಯಕ್ಕಾಗಿಯೇ ಯಾವುದರ ಇರವೋ ಅದು ಶೇಷ. ಜೀವಾತ್ಮನೇ ತನಗೆ ತಾನು ಸ್ವಂತವಲ್ಲ ಎಂದ ಮೇಲೆ ಭಂಡಾರದ ಬೀಗದಕೈ ಹಿಡಿದವನಿಗೆ ಭಂಡಾರ ಸ್ವಂತವಾಗುವ ಮಾತೆಲ್ಲಿ? ಮೇಲಧಿಕಾರವೂ ಇಲ್ಲಿ ಕೈಂಕರ್ಯದ ಒಂದು ಬಗೆ, ಹೂ ಕಟ್ಟುವುದರ ಹಾಗೆ, ನೀರು ತರುವುದರ ಹಾಗೆ. ಆದರೆ ಕೈಂಕರ್ಯ ವಂಶಪಾರಂಪರ್ಯವಾಗಿ ಬಂದಾಗ ಹಕ್ಕಿನ ರೂಪ ತಾಳುತ್ತದೆ. ಮೊದಲ ತೀರ್ಥ ಯಾರಿಗೆ, ಯಾವ ಮರ್ಯಾದೆ ಯಾವ ಮನೆಗೆ ಎಂಬ ತಕರಾರುಗಳು ದೇವಸ್ಥಾನಗಳ ಚರಿತ್ರೆಯಲ್ಲಿ ಉದ್ದಕ್ಕೂ ಇವೆ. ಸೇವೆ ಹೆಚ್ಚಾಗಲೆಂದು ಹೂಡಿದ ವ್ಯಾಜ್ಯಕ್ಕಿಂತ ಸೇವೆಯ ಸರದಿ ತಪ್ಪಿತೆಂದು ಹೂಡಿದ ವ್ಯಾಜ್ಯವೇ ಹೆಚ್ಚಿರಬೇಕು.

ಅಧ್ಯಕ್ಷತೆ ಒಬ್ಬನ ಕೈಯಲ್ಲಿ ಗಟ್ಟಿಯಾಗದಂತೆ ತಡೆಯಲು ಬೇರೆ ಬೇರೆ ಉಪಾಯಗಳು ಹುಟ್ಟಿಕೊಂಡವು. ಒಂದು, ಹಲವರ ಸಾಕ್ಷಿ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವೆದ್ದಾಗ ವಿಜಯನಗರದ ಬುಕ್ಕರಾಯ ಕೊಟ್ಟ ತೀರ್ಪು ಶ್ರವಣಬೆಳಗೊಳದ ಶಾಸನದಲ್ಲಿದೆ. ಅದರಲ್ಲಿ ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರ ಜೊತೆಗೆ ಸಾಮಾನ್ಯ ಕುಲದವರನ್ನೂ ಎಣಿಸಲಾಗಿದೆ. ಒಬ್ಬ ಪೀಠಾಧಿಪತಿಯ ಮಾತಿಗೆ ಎಲ್ಲವನ್ನೂ ಬಿಡಲಿಲ್ಲ.

ಎರಡನೆಯದು ಸರದಿ. ಉಡುಪಿಯ ಅಷ್ಟಮಠಗಳಲ್ಲಿ ಕೃಷ್ಣಪೂಜೆಯ ಅಧಿಕಾರ ಮೊದಲು ಎರಡು ತಿಂಗಳಿಗೊಮ್ಮೆ ಕೈ ಬದಲಾಗುತ್ತಿತ್ತು. ಅದನ್ನು ಎರಡು ವರ್ಷಕ್ಕೆ ಏರಿಸಿದವರು ವಾದಿರಾಜರು. ಪರ್ಯಾಯ ಎಂಬ ಈ ಹಸ್ತಾಂತರದ ದಿನ ನಿರ್ಗಮಿಸುವ ಸ್ವಾಮಿಗಳು ಪೀಠವೇರುವವರಿಗೆ ಒಪ್ಪಿಸುವ ವಸ್ತುಗಳಲ್ಲಿ ಬೀಗದಕೈಯ ಜೊತೆ ಅಕ್ಷಯಪಾತ್ರೆಯೂ ಸಟ್ಟುಗವೂ ಇರುತ್ತವೆ. ಖಡ್ಗವಲ್ಲ, ರಾಜದಂಡವಲ್ಲ, ಬಡಿಸುವ ಸಟ್ಟುಗ. ಈ ಅಧಿಕಾರದ ಮೊದಲ ಕೆಲಸ ಅನ್ನ ಹಾಕುವುದು. ಹರಿಯೊಬ್ಬನೇ ಸ್ವತಂತ್ರ, ಮಿಕ್ಕೆಲ್ಲ ಪರತಂತ್ರ ಎನ್ನುವ ಮಧ್ವಮತಕ್ಕೆ ಅವಧಿಯುಳ್ಳ ಅಧಿಕಾರ ಚೆನ್ನಾಗಿಯೇ ಹೊಂದುತ್ತದೆ.

ದೂರದ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಚರ್ಚೂ ಇಂಥದೇ ಹಾದಿ ಹಿಡಿಯಿತು. ಸಭೆಯನ್ನು ನಡೆಸುವವನಿಗೆ ಅಲ್ಲಿ ‘ಪ್ರೀಸಿಸ್’ ಎಂಬ ಲ್ಯಾಟಿನ್ ಮೂಲದ ಹಳೆಯ ಹೆಸರಿತ್ತು. ಚರ್ಚಿನ ಮಹಾಸಭೆಯ ಅಧ್ಯಕ್ಷನನ್ನು ‘ಮಾಡರೇಟರ್’ ಎನ್ನುತ್ತಾರೆ. ಅವನ ಅವಧಿ ಒಂದೇ ವರ್ಷ. ಚರ್ಚಿಗೆ ಕ್ರಿಸ್ತನೊಬ್ಬನೇ ತಲೆ, ಆದ್ದರಿಂದ ಬಿಷಪ್ಪನೂ ಬೇಡ, ಅರಸನೂ ಬೇಡ ಎಂಬುದು ಅವರ ವಾದ. ಶರಣರ ಪರಂಪರೆ ಇದಕ್ಕಿಂತ ಮುಂದೆ ಹೋಗಿ, ಅನುಭವ ಮಂಟಪದಲ್ಲಿ ಅಲ್ಲಮಪ್ರಭು ಏರಿದ ಪೀಠವನ್ನು ಶೂನ್ಯಸಿಂಹಾಸನ ಎಂದೇ ಕರೆಯಿತು. ‘ನಾನು’ ಎಂಬುದು ಅಳಿದವನಿಗೆ ಮಾತ್ರ ಆ ಪೀಠ ಎಂಬುದು ಶೂನ್ಯಸಂಪಾದನೆಗಳ ಇಂಗಿತ.

ಮೂರನೆಯ ಉಪಾಯ, ಅಧಿಕಾರವನ್ನು ಒಡೆದು ಹಂಚುವುದು. ಇದನ್ನು ಮಾಡಿದ್ದು ಸರ್ಕಾರ. ಮೈಸೂರು ಸಂಸ್ಥಾನದಲ್ಲಿ ದೇವಸ್ಥಾನಗಳು ಮುಜರಾಯಿ ಆಡಳಿತಕ್ಕೆ ಬಂದಾಗ ಪಾರುಪತ್ತೇಗಾರ ಲೆಕ್ಕ ಒಪ್ಪಿಸಬೇಕಾದ ನೌಕರನಾದ. 1927ರ ಮುಜರಾಯಿ ಕಾಯಿದೆಯ ಕಾಲಕ್ಕೆ ಊರಿನ ಗಣ್ಯರಿಗೆ ಧರ್ಮದರ್ಶಿ ಎಂಬ ಸ್ಥಾನ ಬಂತು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಕಡೆ ಇದೇ ಜವಾಬ್ದಾರಿಯವರನ್ನು ಆಡಳಿತ ಮೊಕ್ತೇಸರರು ಎನ್ನುತ್ತಾರೆ. ಮೇಲುಕೋಟೆಯ ವೈರಮುಡಿ ಉತ್ಸವದಲ್ಲಿ ಈ ಹಂಚಿಕೆ ಕಣ್ಣಿಗೇ ಕಾಣುತ್ತದೆ. ವೈರಮುಡಿ ಕಿರೀಟ ವರ್ಷವೆಲ್ಲ ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ಅದು ಬಂದೋಬಸ್ತಿನಲ್ಲಿ ಬರುತ್ತದೆ, ದಾರಿಯ ಊರುಗಳವರು ಪೂಜೆ ಸಲ್ಲಿಸುತ್ತಾರೆ, ಜಿಲ್ಲಾಡಳಿತದ ಸಮ್ಮುಖದಲ್ಲಿ ಪರ್ಕಾವಣೆ, ಅಂದರೆ ಆಭರಣದ ಪರಿಶೀಲನೆ, ನಡೆಯುತ್ತದೆ. ಚೆಲುವನಾರಾಯಣನ ಮುಡಿಗೆ ತೊಡಿಸುವುದು ಮಾತ್ರ ಅರ್ಚಕರು. ಕಾವಲು ಒಬ್ಬರದು, ಲೆಕ್ಕ ಒಬ್ಬರದು, ಮುಟ್ಟುವ ಅಧಿಕಾರ ಮತ್ತೊಬ್ಬರದು.

ನ್ಯಾಯಾಲಯಗಳು ಈ ಹಳೆಯ ಪ್ರಶ್ನೆಯನ್ನು ಬೇರೆ ಭಾಷೆಯಲ್ಲಿ ಎತ್ತಿಕೊಂಡವು. ಪ್ರತಿಷ್ಠೆಗೊಂಡ ಮೂರ್ತಿಗೆ ಆಸ್ತಿ ಹೊಂದಬಲ್ಲ ವ್ಯಕ್ತಿತ್ವವಿದೆ ಎಂಬುದನ್ನು 1925ರಲ್ಲಿ ಪ್ರಿವಿ ಕೌನ್ಸಿಲ್ ಎತ್ತಿಹಿಡಿಯಿತು. ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ 1954ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಸೂಕ್ಷ್ಮವಾಗಿ ನೋಡಿತು: ಮಠಾಧಿಪತಿ ಸಂಬಳದ ವ್ಯವಸ್ಥಾಪಕನಂತಲ್ಲ, ಅವನ ಸ್ಥಾನದಲ್ಲಿ ಹೊಣೆಯೂ ಸ್ವಂತ ಹಿತವೂ ಬೆರೆತಿವೆ, ಒಂದರಿಂದ ಇನ್ನೊಂದನ್ನು ಬಿಡಿಸಲಾಗದು. ತತ್ತ್ವದಲ್ಲಿ ಊಳಿಗದವನಾದವನು ವ್ಯವಹಾರದಲ್ಲಿ ಅರೆಪಾಲು ಯಜಮಾನ ಎಂದು ಒಪ್ಪಿಕೊಂಡಂತಾಯಿತು. ಶೇಷತ್ವದ ಸಿದ್ಧಾಂತಕ್ಕೆ ಇದು ರುಚಿಸುವ ಮಾತಲ್ಲವಾದರೂ ಮಠಗಳ ವಾಸ್ತವಕ್ಕೆ ಹತ್ತಿರದ ಮಾತು.

ಕರ್ನಾಟಕದ 1997ರ ಧಾರ್ಮಿಕ ದತ್ತಿಗಳ ಕಾಯಿದೆ ದೇವಸ್ಥಾನಕ್ಕೆ ಒಂಬತ್ತು ಜನರ ವ್ಯವಸ್ಥಾಪನಾ ಸಮಿತಿಯನ್ನು ಗೊತ್ತುಪಡಿಸಿತು. ಅರ್ಚಕರಿಗೂ ಮಹಿಳೆಯರಿಗೂ ಪರಿಶಿಷ್ಟರಿಗೂ ಅದರಲ್ಲಿ ಜಾಗವಿದೆ. ಕೆಲವೆಡೆ ಈ ಹಂಚಿಕೆಗೆ ಇನ್ನೊಂದು ಕೈಯೂ ಸೇರಿದೆ: ಹೊಸಹೊಳಲಿನ ಲಕ್ಷ್ಮೀನಾರಾಯಣ ದೇಗುಲದಲ್ಲಿ ಕಟ್ಟಡದ ರಕ್ಷಣೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯದು. ಅಲ್ಲಿ ಗೋಡೆಯ ಒಂದು ಕಲ್ಲನ್ನು ಕದಲಿಸಬೇಕಾದರೂ ಇಲಾಖೆಯ ಅಪ್ಪಣೆ ಬೇಕು.