ಅಡ್ಡಿಯಿಲ್ಲದ ಓಟ ಮತ್ತು ಬಿಡುಗಡೆಯ ಪ್ರಶ್ನೆ

2003ರಲ್ಲಿ ಸ್ಟೆಲ್ಲರ್ ಸ್ಟೋನ್ ಸಂಸ್ಥೆ ರೂಪಿಸಿದ ‘ಬಿಗ್ ರಿಗ್ಸ್: ಓವರ್ ದಿ ರೋಡ್ ರೇಸಿಂಗ್’ ಎಂಬ ಲಾರಿ ಪಂದ್ಯದ ಕಂಪ್ಯೂಟರ್ ಆಟವು ತನ್ನ ಕಳಪೆತನದಿಂದಲೇ ಹೆಸರಾಗಿದೆ. ಒಂದು ವಸ್ತು ಇನ್ನೊಂದಕ್ಕೆ ತಾಗಿದ್ದನ್ನು ಗುರುತಿಸಿ ಅದನ್ನು ತಡೆಯುವ ಲೆಕ್ಕಾಚಾರವೇ ಅದರಲ್ಲಿ ಬಹುಮಟ್ಟಿಗೆ ಇಲ್ಲವಾದುದರಿಂದ, ರಸ್ತೆ ಬಿಟ್ಟಿಳಿದ ಲಾರಿಯು ಮನೆಗಳೊಳಗಿಂದಲೇ ತೂರಿಹೋಗುತ್ತದೆ, ಕಡಿದಾದ ಗುಡ್ಡವನ್ನು ವೇಗ ತಗ್ಗದೆ ಏರುತ್ತದೆ, ಸೇತುವೆಯ ಮೇಲೆ ನಿಲ್ಲಲಾರದೆ ಅದರೊಳಗಿಂದ ಕೆಳಕ್ಕಿಳಿಯುತ್ತದೆ. ಹಿಮ್ಮುಖವಾಗಿ ಓಡಿಸಿದರೆ ವೇಗವು ಮಿತಿಯಿಲ್ಲದೆ ಏರುತ್ತಲೇ ಹೋಗಿ, ಕೀಲಿಯಿಂದ ಬೆರಳು ತೆಗೆದೊಡನೆ ಸೊನ್ನೆಯಾಗುತ್ತದೆ. ಎದುರಾಳಿಯ ಲಾರಿ ಮೊದಲ ಆವೃತ್ತಿಯಲ್ಲಿ ನಿಂತಲ್ಲಿಂದ ಕದಲುವುದಿಲ್ಲ. ತಿದ್ದಿದ ಆವೃತ್ತಿಯಲ್ಲಿ ಕದಲಿದರೂ ಗುರಿಯ ಗೆರೆಯನ್ನು ದಾಟುವುದಿಲ್ಲ. ಓಟ ಮುಗಿದಾಗ ಮೂರು ಹಿಡಿಗಳ ಪಾರಿತೋಷಕವೊಂದು, ವ್ಯಾಕರಣ ತಪ್ಪಿದ ಇಂಗ್ಲಿಷಿನಲ್ಲಿ, ಆಟಗಾರನೇ ವಿಜೇತನೆಂದು ಸಾರುತ್ತದೆ.

ಯಾವುದೂ ತಡೆಯದ ಈ ಸ್ಥಿತಿಯನ್ನು ಸ್ವಾತಂತ್ರ್ಯವೆನ್ನಬಹುದೇ ಎಂಬುದು ಇಲ್ಲಿನ ತಾತ್ತ್ವಿಕ ಪ್ರಶ್ನೆ. ಅನಗತ್ಯವಾದ ಅಡಚಣೆಗಳನ್ನು ಸ್ವಇಚ್ಛೆಯಿಂದ ಒಪ್ಪಿಕೊಂಡು ಮೀರಲು ಯತ್ನಿಸುವುದೇ ಆಟವೆಂದು ದಾರ್ಶನಿಕ ಬರ್ನಾರ್ಡ್ ಸೂಟ್ಸ್ 1978ರ ‘ದಿ ಗ್ರಾಸ್‌ಹಾಪರ್’ ಕೃತಿಯಲ್ಲಿ ನಿರೂಪಿಸಿದರು. ಆ ನಿರೂಪಣೆಯನ್ನು ಒಪ್ಪಿದರೆ, ಗುಡ್ಡವೂ ಎದುರಾಳಿಯೂ ಸೆಣಸದ ಓಟದಲ್ಲಿ ಗೆಲುವು ಸುಲಭವಾಗುವುದಿಲ್ಲ, ಅರ್ಥಹೀನವಾಗುತ್ತದೆ.

ವೈಶೇಷಿಕ ದರ್ಶನದ ದ್ರವ್ಯವಿಚಾರವು ಈ ಪ್ರಶ್ನೆಯನ್ನು ಇನ್ನೂ ಆಳಕ್ಕೆ ಒಯ್ಯುತ್ತದೆ. ಅದು ಹೇಳುವ ಒಂಬತ್ತು ದ್ರವ್ಯಗಳಲ್ಲಿ ಪೃಥಿವಿ, ಜಲ, ತೇಜಸ್ಸು, ವಾಯು, ಮನಸ್ಸುಗಳು ‘ಮೂರ್ತ’, ಅಂದರೆ ಮಿತವಾದ ಪರಿಮಾಣವುಳ್ಳವು; ಆಕಾಶ, ಕಾಲ, ದಿಕ್ಕು, ಆತ್ಮಗಳು ‘ವಿಭು’, ಅಂದರೆ ಎಲ್ಲೆಡೆ ವ್ಯಾಪಿಸಿದವು. ಚಲನೆಯಿರುವುದು ಮೂರ್ತಕ್ಕೆ ಮಾತ್ರ, ಮತ್ತು ಎರಡು ಮೂರ್ತಗಳು ಒಂದೇ ಕಾಲಕ್ಕೆ ಒಂದೇ ಎಡೆಯಲ್ಲಿ ಇರಲಾರವು. ವಿಭುವಿಗೆ ತಡೆಯಿಲ್ಲ, ಆದರೆ ಅದಿಲ್ಲದ ಸ್ಥಳವೇ ಇಲ್ಲವಾದುದರಿಂದ ಅದು ಎಲ್ಲಿಗೂ ಹೋಗಬೇಕಾಗಿಯೂ ಇಲ್ಲ. ಈ ಆಟದ ಲಾರಿಯಾದರೋ ಮೂರ್ತದಂತೆ ಓಡುತ್ತ ವಿಭುವಿನಂತೆ ತಡೆಯಿಲ್ಲದೆ ಇರಲು ಹವಣಿಸುತ್ತದೆ. ಹೀಗಾಗಿ ಅದಕ್ಕೆ ಲೋಕದ ಗಟ್ಟಿತನವೂ ಇಲ್ಲ, ಆಕಾಶದ ನೆಮ್ಮದಿಯೂ ಇಲ್ಲ.

ಬಂಧಗಳು ಕಳಚುವುದೇ ಮೋಕ್ಷವಾಗಿರುವಾಗ ಅಡ್ಡಿಗಳಿಲ್ಲದಿರುವುದು ಆದರ್ಶವೇ ಅಲ್ಲವೇ ಎಂಬ ಆಕ್ಷೇಪ ಇಲ್ಲಿ ಏಳಬಹುದು. ಆದರೆ ಅದೇ ದರ್ಶನದ ಪ್ರಕಾರ ಮೋಕ್ಷದಲ್ಲಿ ಇಲ್ಲವಾಗುವುದು ಹೊರಗಿನ ಗೋಡೆಯಲ್ಲ, ಆತ್ಮದ ವಿಶೇಷ ಗುಣಗಳಾದ ಇಚ್ಛೆ, ದ್ವೇಷ, ಪ್ರಯತ್ನ ಮುಂತಾದವು. ಗೋಡೆ ಕರಗಿ ಓಡುವ ಬಯಕೆ ಮಾತ್ರ ಉಳಿದಲ್ಲಿ ಬಂಧ ಹಾಗೆಯೇ ಇರುತ್ತದೆ. ಎದುರಾಳಿ ಕದಲದಿದ್ದರೂ ಪಾರಿತೋಷಕಕ್ಕಾಗಿ ಗೆರೆ ದಾಟಲೇಬೇಕೆಂಬ ಆ ಓಟವೇ ಅದಕ್ಕೆ ಸಾಕ್ಷಿ.